ಎರಡು ಕ್ಷೇತ್ರದ ಮಾದೇವಕ್ಕ

ಕುಮಟೆಯಲ್ಲಿ ಮತ ಎಣಿಕೆ ಮುಗಿದ ಮಧ್ಯಾಹ್ನ, ಭಟ್ಕಳಕ್ಕೆ ಹೊರಟಿದ್ದ ನಮ್ಮ ಬಸ್ಸು ಹೊನ್ನಾವರದಲ್ಲಿ ನಿಂತೇಬಿಟ್ಟಿತು. ಮುಂದೆ ಎರಡು ವಿಜಯದ ಮೆರವಣಿಗೆಗಳು ಎದುರುಬದುರಾಗಿದ್ದವು. ಒಂದು, ಪೇಟೆ ಸುತ್ತಿ ಹಿಂದಿರುಗುತ್ತಿದ್ದ ಕುಮಟಾ ಕ್ಷೇತ್ರದ ಹೊಸ ಶಾಸಕರದು. ಇನ್ನೊಂದು, ಗೆದ್ದು ಊರಿಗೆ ಮರಳುತ್ತಿದ್ದ ಭಟ್ಕಳದವರದು. ಪಕ್ಷಗಳು ಬೇರೆ ಬೇರೆ. ನಡುವೆ ರಸ್ತೆಯ ಮೇಲೊಂದು ಮೀನಿನ ಬುಟ್ಟಿ, ಅದರ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತ ಹೆಂಗಸು.

“ಎಂತ ಆತು?” ಎಂದು ಕಂಡಕ್ಟರನನ್ನು ಕೇಳಿದೆ.

“ಮಾದೇವಕ್ಕ. ಮನೆ ಹೊಳೆಯಾಚೆ, ಓಟು ಭಟ್ಕಳ ಕ್ಷೇತ್ರಕ್ಕೆ. ಮೀನು ಮಾರೂದು ಇಲ್ಲಿ, ಇದು ಕುಮಟಾ ಕ್ಷೇತ್ರ. ಕೂತು ಮಾರೂ ಜಾಗಕ್ಕೆ ಬಿಸ್ಲು ತಡೆಯೂಕೆ ತಲೆ ಮೇಲೊಂದು ಮಾಡು ಕೇಳಿ ಕೇಳಿ ಸಾಕಾಯ್ತು ಅವ್ಳಿಗೆ.”

ಮಾದೇವಕ್ಕ ಭಟ್ಕಳದವರತ್ತ ತಿರುಗಿದಳು. “ತಮಾ, ಪ್ರಚಾರಕ್ಕೆ ಬಂದಾಗ ಎಂತ ಹೇಳ್ದೆ? ‘ಮಾರ್ಕೆಟ್ಟು ನನ್ನ ಕ್ಷೇತ್ರ ಅಲ್ಲ’ ಅಂದೆ.” ಆಮೇಲೆ ಕುಮಟೆಯವರತ್ತ. “ನೀನು, ‘ನಿನ್ನ ಓಟು ನನಗಿಲ್ಲ’ ಅಂದೆ. ಈಗ ಇಬ್ರೂ ಇಲ್ಲೇ ಇದ್ರಿ. ಈ ಬಿಸಿಲು ಯಾರ ಕ್ಷೇತ್ರದ್ದು, ಹೇಳಿ.”

ಬುಟ್ಟಿ ದಾಟುವ ಧೈರ್ಯ ಯಾರಿಗೂ ಬರಲಿಲ್ಲ. ಶಾಸಕರಿಬ್ಬರೂ ಜೀಪಿನಿಂದಿಳಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ನಾನು ಮಾಡಿಸ್ತೆ” ಎಂದರು, ಇಬ್ಬರೂ ಒಟ್ಟಿಗೇ.

“ಸೇರಿ ಮಾಡ್ಸಿ.”

“ಆತು, ಅಕ್ಕಾ.”

ಅವಳು ಬುಟ್ಟಿ ತಲೆಗೇರಿಸಿ ಮಾರುಕಟ್ಟೆಯ ಕಡೆ ನಡೆದಳು. ನಮ್ಮ ಬಸ್ಸಿನವರು ಕಿಟಕಿಯಿಂದಲೇ ಶಿಳ್ಳೆ ಹೊಡೆದರು, ನಾನೂ ಹೊಡೆದೆ. ಎರಡೂ ಕಡೆಯ ಬ್ಯಾಂಡಿನವರು ಬಾರಿಸುತ್ತ ಅವಳ ಹಿಂದೆಯೇ ಹೊರಟರು. ಗೆದ್ದವರಿಬ್ಬರು ಹಾರ ಹಾಕಿಕೊಂಡು ರಸ್ತೆಯಲ್ಲೇ ನಿಂತಿದ್ದರು.