ಮಣಿಮೇಗಲೈಯ ಕೈಗುಣ

ತಮಿಳು ಸೀಮೆಯ ಹನುಮಂತನಪಟ್ಟಿಯ ನಮ್ಮ ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ನೆನಪಾಗುವುದು ಮಣಿಮೇಗಲೈ. ಗೂಡಲೂರಿನ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷದಿಂದ ಅವಳೇ ಸಹಾಯಕಿ. ಡಾಕ್ಟರು ಬರುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ಬಿ.ಪಿ. ನೋಡುವುದು, ಗಾಯ ತೊಳೆದು ಕಟ್ಟುವುದು, ಡಾಕ್ಟರು ಫೋನಿನಲ್ಲಿ ಹೇಳಿದ ಊಸಿ, ಅಂದರೆ ಇಂಜೆಕ್ಷನ್, ಹಾಕುವುದು, ಎಲ್ಲ ಇವಳೇ. ದ್ರಾಕ್ಷಿ ತೋಟದ ಮುದುಕಿಯರಂತೂ ಡಾಕ್ಟರು ಎದುರಿಗಿದ್ದರೂ ಇವಳ ಕಡೆಗೇ ತೋಳು ಚಾಚುತ್ತಾರೆ. "ನಮ್ಮ ಹೆಣ್ಣು ಊಸಿ ಹಾಕಿದ್ರೆ ಇರುವೆ ಕಚ್ಚಿದಂಗೂ ಇರಾದಿಲ್ಲ" ಎನ್ನುತ್ತಾರೆ. ಕೈಗುಣ ಅಂದರೆ ಅದು, ಸುಳ್ಳಲ್ಲ.

ಆದರೆ ಕೈಗುಣ ನಂಬಿ ಸರ್ಕಾರ ಕೆಲಸ ಕೊಡುತ್ತದೆಯೇ? ಅದಕ್ಕೆ ಕಾಗದ ಬೇಕು.

ಕಾಗದದ ಕತೆ ಕೇಳಿದರೆ ನನಗೆ ಮೈ ಉರಿಯುತ್ತದೆ. ಇವಳು ಹನ್ನೆರಡನೇ ಕ್ಲಾಸು ಮುಗಿಸಿದ ವರ್ಷ ಅಯ್ಯಾವು ಎಂಬಾತ ಮನೆಗೆ ಬಂದ. ಕಂಬಂನಲ್ಲಿ ಜವಳಿ ಅಂಗಡಿಯ ಮಾಳಿಗೆಯ ಮೇಲೆ ಮೆಡಿಕಲ್ ಅಸಿಸ್ಟೆಂಟ್ ತರಬೇತಿ ನಡೆಸುತ್ತಿದ್ದವನು. ಬೀದಿಯಲ್ಲಿ ತಮಿಳು ಆಡಿಕೊಂಡು ಬಂದವನು ಹೊಸ್ತಿಲು ದಾಟುತ್ತಲೇ ನಮ್ಮ ಮನೆಮಾತು ಕನ್ನಡಕ್ಕೆ ತಿರುಗಿದ. ಮುಗಿಯಿತು! ಇವಳಪ್ಪ ರಾಮರ್ ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ಮನುಷ್ಯ. ಆದರೂ ಆ ಓದಿಗೆ ಸರ್ಕಾರದ ಒಪ್ಪಿಗೆ ಇದೆಯೇ ಎಂದು ಬಾಯಿ ಬಿಟ್ಟು ಕೇಳಲಿಲ್ಲ.

"ನಮ್ಮ ಮಾತಾಡೋನ ತಾವ ಕಾಗದ ಕೇಳಾದಾ? ನಾಳೆ ಮುಖ ಹೆಂಗೆ ನೋಡಾದು?" ಎಂದುಬಿಟ್ಟ.

ಬೇರೆ ಮಾತಿನವನು ಬಂದಿದ್ದರೆ ನೂರು ಪ್ರಶ್ನೆ ಕೇಳುತ್ತಿದ್ದರು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಹೀಗೆ. ಎರಡು ವರ್ಷ ಓದಿದಳು, ಚಿನ್ನದ ಬಣ್ಣದ ಮುದ್ರೆಯ ಸರ್ಟಿಫಿಕೇಟು ಬಂತು, ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಈ ವರ್ಷ ಸರ್ಕಾರಿ ಆಸ್ಪತ್ರೆಯ ಸಹಾಯಕಿ ಹುದ್ದೆಗೆ ಅರ್ಜಿ ಕರೆದರು. ವಯಸ್ಸಿನ ಮಿತಿಗೆ ಅವಳಿಗೆ ಇದೇ ಕಡೆಯ ಅವಕಾಶ. ಗೋಡೆಯಿಂದ ಸರ್ಟಿಫಿಕೇಟು ಇಳಿಸಿಕೊಂಡು ತೇನಿಯ ಸರ್ಕಾರಿ ಕಚೇರಿಗೆ ಹೋದಳು. ಕಾಗದ ನೋಡುತ್ತಿದ್ದ ಹೆಂಗಸು ಒಳ್ಳೆಯವಳೇ, ಎರಡು ಸಲ ತಿರುಗಿಸಿ ನೋಡಿದಳು.

"ಇದಕ್ಕೆ ಮಾನ್ಯತೆ ಇಲ್ಲಮ್ಮಾ. ಅನುಭವ ಪತ್ರ ತಂದರೆ ಮೇಲಿನವರಿಗೆ ಕಳಿಸಿ ನೋಡ್ತೀನಿ."

ಅಷ್ಟೇ ಸಾಕೆಂದು ಮಣಿಮೇಗಲೈ ಅದೇ ಸಂಜೆ ಡಾಕ್ಟರ ಮುಂದೆ ನಿಂತಳು. ಅವರು ಮರುಮಾತಿಲ್ಲದೆ ಬರೆದು, ಸೀಲು ಒತ್ತಿ ಕೊಟ್ಟರು. ಅವಳು ಓದಿದಳು. ಹನ್ನೊಂದು ವರ್ಷದಿಂದ ಕ್ಲಿನಿಕ್ಕನ್ನು ಗುಡಿಸಿ ಒರೆಸುವ ಕೆಲಸ ಮಾಡುತ್ತಿದ್ದಾಳೆ, ನಡತೆ ಉತ್ತಮ ಎಂದಿತ್ತು.

"ಐಯಾ, ಊಸಿ ಹಾಕಿದ್ದು?"

"ನಿನ್ನ ಓದಿಗೆ ಒಪ್ಪಿಗೆ ಇಲ್ಲ ತಾಯಿ. ನೀನು ಊಸಿ ಹಾಕ್ತಿದ್ದೆ ಅಂತ ಬರೆದರೆ ನನ್ನ ಲೈಸೆನ್ಸು ಹೋಗುತ್ತೆ," ಎಂದರು. ಆಮೇಲೆ ಹೊರಗೆ ಕೂತವರನ್ನು ನೋಡಿ, "ಆ ಅಜ್ಜಿಗೆ ಒಂದು ಹಾಕಿಬಿಡು," ಎಂದರು.

ಹಾಕಿದಳು. ಏನು ಮಾಡುತ್ತಾಳೆ ಪಾಪ!

ಭಾನುವಾರ ಪಕ್ಕದ ಮನೆಯ ತಂಗಮ್ಮಾಳ್ ತನ್ನ ಮಗಳು ಸರಣ್ಯಾಳನ್ನು ಕರೆದುಕೊಂಡು ಬಂದಳು. ಮುಖ ಅರಳಿತ್ತು. ಹುಡುಗಿಯನ್ನು ಅದೇ ತರಬೇತಿಗೆ ಸೇರಿಸಿ ಎಂದು ಅಯ್ಯಾವು ಅವರ ಮನೆಗೂ ಬಂದುಹೋಗಿದ್ದ.

"ಬೇಡ ಅತ್ತೆ," ಎಂದಳು ಮಣಿಮೇಗಲೈ. "ಆ ಕಾಗದಕ್ಕೆ ಬೆಲೆ ಇಲ್ಲ. ನಾ ತೇನಿಲಿ ಕೇಳ್ಕೊಂಡು ಬಂದೆ." ಡಾಕ್ಟರು ಬರೆದ ಪತ್ರವನ್ನೂ ತಂದು ತೋರಿಸಿದಳು.

ತಂಗಮ್ಮಾಳ್ ಪತ್ರದ ಕಡೆ ನೋಡಲೇ ಇಲ್ಲ. ಅವಳ ಮುಖ ಬಾಡಿತು, ಆಮೇಲೆ ಗಂಟಾಯಿತು.

"ನಮ್ಮತ್ತೆ ಸಾಯೋಗಂಟ ನಿನ್ನ ಕೈಲೇ ಊಸಿ ಹಾಕ್ಸ್ಕೊಂಡ್ಳು. ಓದು ಸುಳ್ಳಾದ್ರೆ ಈ ಕೈ ಎಲ್ಲಿಂದ ಬಂತು? ನಿನ್ನ ನೋಡೇ ಸೇರ್ಸಿ ಅಂದವ್ನೆ ಅಯ್ಯಾವು ಮಾಮ. ನೀ ಒಬ್ಳೇ ಇರ್ಬೇಕು, ನಮ್ಮ ಹೆಣ್ಣು ಬರ್ಬಾರ್ದು, ಅಷ್ಟೇ ತಾನೆ?"

ಮಣಿಮೇಗಲೈ ಪತ್ರವನ್ನು ಮಡಿಸಿಕೊಂಡಳು. ಹನ್ನೊಂದು ವರ್ಷ ಯಾರಿಗೂ ನೋಯದಂತೆ ಹಾಕಿದ ಒಂದೊಂದು ಸೂಜಿಯೂ ಅಯ್ಯಾವುವಿನ ಪರ ಸಾಕ್ಷಿ ಹೇಳುತ್ತಿತ್ತು.

ಅವ್ವ ಮುಂದೆ ಹೋದ ಮೇಲೆ ಸರಣ್ಯಾ ಬಾಗಿಲಲ್ಲಿ ಹಿಂದೆ ಉಳಿದಳು. ಸೋಮವಾರವೇ ಸೇರುವವಳು, ಕಣ್ಣಲ್ಲಿ ಆಸೆ ತುಂಬಿತ್ತು.

"ಅಕ್ಕಾ, ಊಸಿ ಹಾಕಾದು ಕಷ್ಟವಾ?"

"ಇಲ್ಲ ಕಣ್ಣೂ," ಎಂದಳು ಮಣಿಮೇಗಲೈ. "ಅದೊಂದೇ ಸುಲಭ."