ಸಾಹೇಬರ ಡಾಲರ್ ದರ

ಹರಿಹರದಲ್ಲಿ ಲೇಥ್ ಕಾರ್ಖಾನೆ ಇಟ್ಟಿದ್ದ ಸಾಹೇಬರು ಪಂಪಿನ ಬಿಡಿಭಾಗ ಮಾಡಿ ವಿದೇಶಕ್ಕೆ ಕಳಿಸುತ್ತಿದ್ದರು. ನಾನು ದಾವಣಗೆರೆಯಿಂದ ಹೋಗಿ ಅವರ ಇಂಗ್ಲಿಷ್ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೆ. ಸಾಹೇಬರು ಕೈಗೆ ಬಂದ ಭಾಗವನ್ನು ಅಂಗಿಯ ಅಂಚಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು, "ನಮ್ದು ಇಷ್ಟೇ ಕೆಲ್ಸ ನೋಡ್ರಿ" ಎನ್ನುವರು. ಷೇರು, ಚಿನ್ನದ ಮಾತು ಬಂದರೂ ಅದೇ ಉತ್ತರ.

ಒಮ್ಮೆ ಡಾಲರಿನೆದುರು ರೂಪಾಯಿ ಒಂದೇ ಸಮನೆ ಇಳಿಯಿತು, ಜೊತೆಗೆ ಷೇರುಪೇಟೆಯೂ ಬಿತ್ತು. ಷೇರಿಗೆ ದುಡ್ಡು ಹಾಕಿದ್ದ ಪಕ್ಕದ ಅಂಗಡಿಯವರು ಮುಖ ಸಣ್ಣದು ಮಾಡಿಕೊಂಡು ಬಂದು, "ನಿಮಗೇನ್ರಿ ಸಾಹೇಬ್ರ, ಡಾಲರ್ ಮಳೆ. ಬೆಣ್ಣೆದೋಸೆ ಕೊಡಿಸ್ರಿ" ಎಂದರು. ಸಾಹೇಬರು ನಗುತ್ತ ಎಲ್ಲರಿಗೂ ತರಿಸಿದರು.

ನಿಜ ಗೊತ್ತಿದ್ದವನು ನಾನೊಬ್ಬನೇ. ಬರಲಿರುವ ಡಾಲರಿಗೆಲ್ಲ ಅವರು ಬ್ಯಾಂಕಿನಲ್ಲಿ ಮೊದಲೇ ಹಳೆಯ ದರ ನಿಗದಿ ಮಾಡಿಸಿದ್ದರು. ಹೆಚ್ಚಿಗೆ ಒಂದು ರೂಪಾಯಿಯೂ ಬರುವಂತಿರಲಿಲ್ಲ. ಎಲ್ಲರೂ ಹೋದ ಮೇಲೆ, "ದರ ಮೊದ್ಲೇ ನಿಗದಿ ಮಾಡಿಸ್ದೆ ಕಾಯಬೇಕಿತ್ತು ಅನ್ಸಲ್ವಾ ಸಾಹೇಬ್ರ?" ಎಂದೆ.

"ಹಿಂದೊಮ್ಮೆ ಹಂಗೇ ಕಾದಿದ್ದೆ. ರೂಪಾಯಿ ಏರಿಬಿಡ್ತು, ನಷ್ಟ ಆತು. ಇಬ್ರು ಕೆಲಸಗಾರರನ್ನ ಬ್ಯಾಡ ಅಂದು ಕಳಿಸ್ದೆ. ಒಬ್ರು ಊಟದ ಡಬ್ಬಿ ಇಲ್ಲೇ ಮರೆತು ಹೋಗಿದ್ರು. ಕೊಡಾಕೆ ಅವರ ಮನೆ ತನಕ ಹೋದೆ. ಬಾಗ್ಲು ಬಡಿಯಾಕೆ ಕೈ ಬರಲಿಲ್ಲ."