ಭೀಮೆಯ ಆಚೆಯ ಹುಳ, ಈಚೆಯ ಹುಳ

ಹೋದ ವಾರ ನಮ್ಮ ಸೊಸೆ ಕಪಾಟು ತೆರೆದು ರೇಷ್ಮೆ ಸೀರೆಗಳ ನಡುವೆ ಡಾಂಬರ ಗುಳಿಗೆ ಇಡುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದೆ. ಆ ವಾಸನೆ ಬಂದದ್ದೇ ತಡ, ಎದ್ದುಬಿಟ್ಟೆ. ಬಾಗಿಲವರೆಗೆ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. “ಏನ್ ಬೇಕಿತ್ರಿ?” ಎಂದಳು ಸೊಸೆ. ಏನೂ ಬೇಕಿರಲಿಲ್ಲ. ನಿಮಗೂ ಹೀಗಾಗುತ್ತದೆಯೋ ಏನೋ, ಕೆಲವು ವಾಸನೆಗಳು ಮೂಗಿಗಿಂತ ಮೊದಲು ಕಾಲಿಗೆ ತಿಳಿದುಬಿಡುತ್ತವೆ. ಜೇವರ್ಗಿಯ ನಮ್ಮ ತವರುಮನೆಯಲ್ಲಿ ಇದು ಸೀರೆಯ ವಾಸನೆಯಾಗಿರಲಿಲ್ಲ, ಸತ್ತ ಹುಳಗಳ ವಾಸನೆಯಾಗಿತ್ತು. ಆ ಮನೆಯಲ್ಲಿ ನಾವಿದ್ದವರು ಇಬ್ಬರೇ, ಅಪ್ಪ ಮತ್ತು ನಾನು. ಇಬ್ಬರಲ್ಲಿ ಒಬ್ಬರಿಗೂ ಒಂದು ಕಡೆ ಕೂತು ಗೊತ್ತಿರಲಿಲ್ಲ.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಅಪ್ಪ ಶಾಲೆಯಲ್ಲಿ ಉರ್ದುವಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಅದಕ್ಕೂ ಮುಂಚೆ ಹೈದರಾಬಾದಿನ ಒಂದು ಮ್ಯೂಜಿಯಮ್ಮಿನಲ್ಲಿ, ಹುಳಗಳನ್ನು ಜಾತಿವಾರು ವಿಂಗಡಿಸಿ ಹೆಸರು ಹಚ್ಚುವ ಕೆಲಸದಲ್ಲಿದ್ದವರು. ಅವ್ವನಿಗೆ ಆ ಊರಿನ ಹವೆ ಒಗ್ಗದೆ ಉಬ್ಬಸ ಹತ್ತಿಕೊಂಡಾಗ ಕೆಲಸ ಬಿಟ್ಟು ತಮ್ಮೂರು ಜೇವರ್ಗಿಗೆ ಬಂದರು. ಅವ್ವ ಉಳಿಯಲಿಲ್ಲ. ಹುಳಗಳು ಮಾತ್ರ ಅಪ್ಪನನ್ನು ಹುಡುಕಿಕೊಂಡು ಊರವರೆಗೂ ಬಂದವು. ಮ್ಯೂಜಿಯಮ್ಮಿನ ದೊಡ್ಡ ಸಾಹೇಬರು ಪೆಟ್ಟಿಗೆಗಳನ್ನು ಎರವಲು ಕಳಿಸುತ್ತಿದ್ದರು. ಗಾಜಿನ ಮುಚ್ಚಳದ ಆ ಪೆಟ್ಟಿಗೆಗಳೊಳಗೆ ಮೂಲೆಗೊಂದು ಡಾಂಬರ ಗುಳಿಗೆ, ನಡುವೆ ಸಾಲಾಗಿ ಕೋಡಿನ ಹುಳಗಳು. ಮಾವು, ಅತ್ತಿ, ಆಲ ಇಂಥ ಗಿಡಗಳ ಬೊಡ್ಡೆ ಕೊರೆಯುವ ಜಾತಿಯವು. ಹೆಬ್ಬೆರಳಿಗಿಂತ ಉದ್ದದ ಬೂದು ಮೈ, ಮೈಗಿಂತಲೂ ಉದ್ದದ ಎರಡು ಕೋಡು, ಬೆನ್ನ ಮೇಲೆ ಚುಕ್ಕೆಗಳು. ಒಂದೊಂದಕ್ಕೂ ಬಲ ರೆಕ್ಕೆಯ ಚಿಪ್ಪಿನ ಮೂಲಕ ಒಂದು ಸೂಜಿ. ಸೂಜಿಯ ಕೆಳಗೆ ಉಗುರಿನಷ್ಟು ಚೀಟಿ: ಯಾವ ಊರು, ಯಾವ ಗಿಡ, ಯಾವ ವರ್ಷ. ಇರುವೆ ಹತ್ತಬಾರದೆಂದು ಮೇಜಿನ ನಾಲ್ಕೂ ಕಾಲನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿದ್ದೆವು. ಅಪ್ಪ ಓಡಾಡುವ ರಭಸಕ್ಕೆ ಅದರಲ್ಲೊಂದು ಬಟ್ಟಲು ದಿನಾ ಉರುಳುತ್ತಿತ್ತು. ನೀರು ತುಂಬುವ ಕೆಲಸ ನನ್ನದು.

ಚಿತ್ರ ಬರೆಯುವ ಕೆಲಸವೂ ನನ್ನದೇ. ಅಪ್ಪ ಭೂತಗನ್ನಡಿ ಹಿಡಿದು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಅವರು ರೊಟ್ಟಿಯನ್ನೂ ಅಡ್ಡಾಡುತ್ತಲೇ ತಿನ್ನುವವರು. ಒಂದು ಹುಳ ನೋಡಿ ಪಡಸಾಲೆ ದಾಟಿ ಅಂಗಳಕ್ಕೆ ಹೋಗುವರು, ಏನೋ ನೆನಪಾಗಿ ಓಡಿ ಬಂದು ಇನ್ನೊಂದನ್ನು ನೋಡುವರು. ನಾನಾದರೂ ಸ್ಥಿರವಾಗಿದ್ದೆನೇ ಎಂದರೆ ಅದೂ ಇಲ್ಲ. ಕೋಡಿನ ಗಂಟುಗಳನ್ನು ಬರೆಯುತ್ತ ಬರೆಯುತ್ತ ಕಿಟಕಿಯ ಹೊರಗೆ ನೋಡುತ್ತಿದ್ದೆ. ಗಂಟು ಎಷ್ಟು ಬರೆದೆನೆಂಬುದು ಮರೆಯುತ್ತಿತ್ತು. ಒಮ್ಮೆ ಒಂದು ಗಂಟು ಹೆಚ್ಚಿಗೆ ಬರೆದದ್ದಕ್ಕೆ ಅಪ್ಪ, “ದೇವರಿಗಿಂತ ನಿಂದಽ ಜಾಸ್ತಿ ಆತಲ್ಲವಾ” ಎಂದಿದ್ದರು.

ಅಪ್ಪನ ತಲೆಯಲ್ಲಿ ಒಂದು ವಿಚಾರ ಕೂತಿತ್ತು. ನಮ್ಮ ಜೇವರ್ಗಿ ಭೀಮಾ ಹೊಳೆಯ ದಕ್ಷಿಣಕ್ಕಿದೆ. ಅಫಜಲಪುರ ಉತ್ತರದ ದಂಡೆಗೆ, ಆಳಂದ ಇನ್ನೂ ಮೇಲಕ್ಕೆ. ಅಪ್ಪ ಜೇವರ್ಗಿಯ ಸುತ್ತ ಹಿಡಿದ ಹುಳಗಳ ಬೆನ್ನ ಚುಕ್ಕೆ ಕುಂಕುಮದಂತೆ ಕೆಂಪು. ಮ್ಯೂಜಿಯಮ್ಮಿನಿಂದ ಬಂದ ಆಳಂದ, ಅಫಜಲಪುರದ ಹುಳಗಳ ಚುಕ್ಕೆ ಮಜ್ಜಿಗೆಯಂತೆ ಬಿಳಿಚು. ಜಾತಿ ಒಂದೇ ಇರಬಹುದು, ಆದರೆ ನಡುವೆ ಹೊಳೆ ಹರಿದು, ಆಚೆಯವು ಆಚೆ ಈಚೆಯವು ಈಚೆ ಉಳಿದು, ಎರಡು ಉಪಜಾತಿಗಳಾಗಿವೆ ಎಂಬುದು ಅವರ ಸಿದ್ಧಾಂತ. ದಕ್ಷಿಣದ್ದಕ್ಕೆ ಹೊಸ ಹೆಸರು ಬೇಕು. ಆ ಹೆಸರನ್ನು ಅವರು ಆಗಲೇ ಕಟ್ಟಿಟ್ಟಿದ್ದರು. ಅವ್ವನ ಹೆಸರು ಗೌರಮ್ಮ. ಅದಕ್ಕೆ ಲ್ಯಾಟಿನ್ನಿನ ಒಂದು ಬಾಲ ಹಚ್ಚಿ ಬಾಯಲ್ಲೇ ಅಂದುಕೊಳ್ಳುತ್ತಿದ್ದರು. ಅವ್ವ ಕೇಳಿದ್ದರೆ, ನನ್ನ ಹೆಸರು ಹುಳಕ್ಕೇ ಸಿಕ್ಕಿತೇ ಎಂದು ಸೆರಗು ಕೊಡವಿ ಒಳಗೆ ಹೋಗುತ್ತಿದ್ದಳು. ನನಗೆ ಮಾತ್ರ ಆ ಹೆಸರು ಬೇಕಿತ್ತು. ಅವ್ವನದೊಂದು ಫೋಟೋ ಕೂಡ ನಮ್ಮಲ್ಲಿರಲಿಲ್ಲ.

ಇಷ್ಟರಲ್ಲಿ ನನ್ನ ಲಗ್ನದ ಮಾತೊಂದಿತ್ತು. ಆಳಂದದಲ್ಲಿ ಅಪ್ಪನ ಅಕ್ಕ, ನನ್ನ ಸೋದರತ್ತೆ ಇದ್ದಳು, ಅತ್ತಿ ಎಂದೇ ಕರೆಯುತ್ತಿದ್ದೆ. ಅವಳ ಮಗನಿಗೆ ನನ್ನನ್ನು ಕೊಡುವುದೆಂದು ಚಿಕ್ಕಂದಿನಲ್ಲೇ ಮಾತಾಗಿತ್ತು. ಆ ಮಗನ ಹೆಸರನ್ನು ಇಲ್ಲಿ ಬರೆಯಲಾರೆ. ಇಷ್ಟು ವಯಸ್ಸಾದರೂ ನಾಲಿಗೆಗೆ ಬರುವುದಿಲ್ಲ, ಲೇಖಣಿಗೂ ಬರುತ್ತಿಲ್ಲ. ಅತ್ತಿಯ ಮಗ ಎಂದರೆ ಸಾಕು. ಪ್ರತಿ ಸಲ ಆಳಂದದಿಂದ ಹೇಳಿಕಳಿಸಿದಾಗಲೂ ಅಪ್ಪ, “ಈ ಕೆಲಸ ಮುಗೀಲಿ” ಎನ್ನುತ್ತಿದ್ದರು. ಕೊನೆಗೆ ಅತ್ತಿ ತಾನೇ ಮೋಟಾರು, ದೋಣಿ, ಚಕ್ಕಡಿ ಎಲ್ಲ ಹತ್ತಿಳಿದು ಬಂದೇಬಿಟ್ಟಳು. ಬಂದವಳು ನೀರು ಸಹ ಕುಡಿಯದೆ ಮೇಜಿನ ಮುಂದೆ ನಿಂತಳು.

“ಏನೋ ತಮ್ಮಾ, ಹುಡುಗೀನ ಹುಳದ ಮುಂದ ಕುಂದರಿಸಿ ಮುದುಕಿ ಮಾಡ್ತೀಯೇನು?”

“ಉಪಜಾತಿ ಗೊತ್ತು ಹಚ್ಚಾಕತ್ತೇನಿ ಅಕ್ಕಾ. ಇದೊಂದು ಮುಗೀಲಿ.”

“ಮನಿಷ್ಯಾರೊಳಗಿನ ಉಪಜಾತಿ ಸಾಲಲಿಲ್ಲೇನು ನಿನಗ? ಹುಳದಾಗೂ ಹುಡುಕಾಕತ್ತಿ!”

ನನಗೆ ನಗು ತಡೆಯಲಾಗಲಿಲ್ಲ. ಅತ್ತಿ ನನ್ನ ಕಡೆ ತಿರುಗಿ, “ನೀ ಏನ್ ನಗತೀ ಬೇ? ನಿನಗ ಬರೂದು ಅದನೋ ಇಲ್ಲೋ, ಅದನ್ನರೆ ಹೇಳು” ಎಂದಳು. ನಾನು ಬಟ್ಟಲಿಗೆ ನೀರು ತುಂಬುವ ನೆವ ಮಾಡಿ ಹಿತ್ತಲಿಗೆ ಹೋದೆ. ಏನು ಹೇಳಲಿ? ಒಂದು ದಿನ ಈ ವಾಸನೆ ಬಿಟ್ಟು ಎಲ್ಲಿಯಾದರೂ ಓಡಿಹೋಗಬೇಕು ಅನಿಸುತ್ತಿತ್ತು. ಮರುದಿನ, ನಾನು ಹೋದರೆ ಅಪ್ಪ ಯಾರಿಗೆ ಹೇಳಿ ಬರೆಸಿಯಾರು ಅನಿಸುತ್ತಿತ್ತು. ಅತ್ತಿ ಮಳೆಗಾಲ ಮುಗಿಯುವವರೆಗೆ ಗಡುವು ಕೊಟ್ಟು ಹೋದಳು. ಅದು ದಾಟಿದರೆ ಬೇರೆ ಕಡೆ ಹೆಣ್ಣು ನೋಡುವುದಾಗಿಯೂ ಹೇಳಿದಳು.

ಅಪ್ಪನ ಪ್ರಬಂಧ ಬಹುಮಟ್ಟಿಗೆ ಸಿದ್ಧವಾಗಿತ್ತು. ಆದರೆ ದೊಡ್ಡ ಸಾಹೇಬರು ಒಂದು ಕೊಕ್ಕೆ ಹಾಕಿದರು. ಉತ್ತರದ ದಂಡೆಯ ಹುಳಗಳೆಲ್ಲ ಹಳೆಯವು, ಅಲ್ಲಿಯ ಒಂದೆರಡು ತಾಜಾ ಹುಳ ನೋಡಿ ಆಮೇಲೆ ಅಚ್ಚಿಗೆ ಕೊಡೋಣ ಎಂದರು. ಅಪ್ಪನಿಗೆ ಅದು ಕಿರಿಕಿರಿಯಾಯಿತು. ಆದರೂ ಸಾಲೆ ಸೂಟಿ ಇದ್ದಾಗ ನಾವಿಬ್ಬರೂ ಹೊರಟೆವು. ಹೊಳೆ ದಾಟಿ ಮೊದಲು ಗಾಣಗಾಪುರ. ಅಲ್ಲಿ ಔದುಂಬರದ ಗಿಡಕ್ಕೆ ಭಕ್ತರು ಸುತ್ತು ಹಾಕುತ್ತಿದ್ದರು. ಅಪ್ಪನೂ ಅವರ ನಡುವೆ ಸೇರಿಕೊಂಡು ಬೊಡ್ಡೆಯನ್ನೇ ನೋಡುತ್ತ ಸುತ್ತತೊಡಗಿದರು. ಕೂತಲ್ಲಿ ಕೂಡದ ಮನುಷ್ಯನಿಗೆ ಹೇಳಿ ಮಾಡಿಸಿದ ಕೆಲಸ. ಅವರ ಶ್ರದ್ಧೆ ನೋಡಿ ಒಬ್ಬ ಪೂಜಾರಿ ಹತ್ತಿರ ಬಂದರು.

“ಏನ್ ಹರಕಿ ಅದರಿ ಯಜಮಾನ್ರ?”

“ಹರಕಿ ಏನಿಲ್ರಿ. ಇದರಾಗ ಕೋಡಿನ ಹುಳ ಅದಾವೇನು ನೋಡಾಕತ್ತೇನಿ.”

“ಸ್ವಾಮಿ ಗಿಡಕ್ಕ ಹುಳ ಅಂತೀರೇನ್ರಿ!”

ನಾನು ಅಪ್ಪನ ತೋಳು ಹಿಡಿದು ಹೊರಗೆ ಕರೆತಂದೆ. ಅಲ್ಲಿಂದ ಅತನೂರಿಗೆ ಹೋದೆವು. ಅಲ್ಲಿಯ ಒಬ್ಬ ರೈತ ಹುಳ ಬಿದ್ದ ಮಾವಿನ ಗಿಡಗಳನ್ನು ಕಡಿದು ಸೌದೆ ಮಾಡಿಯಾಗಿತ್ತು. “ಮೊದಲಽ ಹೇಳಿದ್ರ ನಿಮ್ಮ ಸಲುವಾಗಿ ಒಂದ್ ಗಿಡ ಬಿಡ್ತಿದ್ದೆವ್ರಿ” ಎಂದು ಪಾಪ ಪೇಚಾಡಿದ. ಬರಿಗೈಯಲ್ಲಿ ತಿರುಗಿ ಬಂದೆವು. ದೋಣಿಯಲ್ಲಿ ಸಹ ಅಪ್ಪ ನಿಂತೇ ಇದ್ದರು. ಅಂಬಿಗ ಬೈದ ಮೇಲೆ ಕೂತರು.

ಈ ಸುದ್ದಿ ಹೇಗೋ ಆಳಂದಕ್ಕೆ ಮುಟ್ಟಿತು. ಮೊದಲ ದೊಡ್ಡ ಮಳೆ ಬಿದ್ದು ವಾರವಾಗಿರಬೇಕು, ಒಂದು ಮಧ್ಯಾಹ್ನ ಅತ್ತಿಯ ಮಗ ನಮ್ಮ ಬಾಗಿಲಲ್ಲಿ ನಿಂತಿದ್ದರು. ಧೋತರ ಮೊಳಕಾಲವರೆಗೆ ಕೆಸರು, ಕಂಕುಳಲ್ಲಿ ಬಿಸ್ಕೀಟಿನ ತಗಡಿನ ಡಬ್ಬಿ. ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿದ್ದರು. ತೋರುಬೆರಳಿಗೆ ಅರಿವೆ ಸುತ್ತಿತ್ತು.

“ಮಾವಾ, ನಿಮ್ಮ ಹುಳ ತಂದೇನ್ರಿ. ಮಾದನಹಿಪ್ಪರಗಾ ದಾರ್ಯಾಗಿನ ನಮ್ಮ ಮಾವಿನ ತೋಪಿನಾಗ ಸಿಕ್ಕಾವು. ಕಡೀತಾವ್ರಿ, ಜ್ವಾಕಿ.”

ನಾನು ಅವರನ್ನು ನೋಡಿ ವರ್ಷಗಳಾಗಿದ್ದವು. ನಾಚಿಕೆಗೆ ಒಳಗೆ ಓಡಬೇಕಿತ್ತು. ಆದರೆ ಬದುಕಿರುವ ಆಳಂದದ ಹುಳ ನೋಡುವ ಆಸೆ ನಾಚಿಕೆಗಿಂತ ದೊಡ್ಡದಾಯಿತು. ಅಪ್ಪ ಮುಚ್ಚಳ ತೆಗೆದರು. ಒಳಗೆ ಮೂರು ಹುಳ, ಕೋಡು ಆಡಿಸುತ್ತ ಕಿರ್ ಕಿರ್ ಎನ್ನುತ್ತಿದ್ದವು. ಮೂರರ ಬೆನ್ನ ಮೇಲೂ ಚುಕ್ಕೆಗಳು ನಮ್ಮ ಜೇವರ್ಗಿಯವಕ್ಕಿಂತ ಒಂದು ಕೈ ಹೆಚ್ಚೇ ಕೆಂಪಗಿದ್ದವು.

ಅಪ್ಪ ಅಂಗಳಕ್ಕೆ ಹೋಗಲಿಲ್ಲ, ಪಡಸಾಲೆಯನ್ನೂ ದಾಟಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟರು. ಅವರು ಹಾಗೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ, ಹೆದರಿಕೆಯಾಯಿತು. “ತಪ್ಪಾತೇನ್ರಿ ಮಾವಾ?” ಎಂದು ಅತ್ತಿಯ ಮಗ ಮೆಲ್ಲಗೆ ಕೇಳಿದರು. ಅಪ್ಪ ಕಪಾಟಿನ ಮೇಲಿನ ಸಣ್ಣ ಪೆಟ್ಟಿಗೆ ತರಲು ನನಗೆ ಸನ್ನೆ ಮಾಡಿದರು. ಅದರಲ್ಲಿ ಒಂದೇ ಒಂದು ಹುಳ. ಜೇವರ್ಗಿಯದೇ. ತಮ್ಮ ಲಗ್ನವಾದ ವರ್ಷ ಅಪ್ಪ ಹಿಡಿದ ಮೊಟ್ಟಮೊದಲ ಹುಳ. ಒಂದು ಕಾಲು ಮುರಿದದ್ದರಿಂದ ಲೆಕ್ಕಕ್ಕೆ ಹಿಡಿಯದೆ ಬೇರೆಯೇ ಇಟ್ಟಿದ್ದರು. ಈಗ ಅದರ ಚುಕ್ಕೆಗಳನ್ನು ನೋಡಿದೆ. ಮಜ್ಜಿಗೆಯಂತೆ ಬಿಳಿಚು.

“ಇದನ್ನ ಹಿಡದಾಗ ಹಿಂಗಿರಲಿಲ್ಲ” ಎಂದರು ಅಪ್ಪ. “ನಿಮ್ಮವ್ವ ಅಂಗೈಯಾಗ ಇಟಗೊಂಡು, ಇದಕ್ಕ ಯಾರು ಕುಂಕುಮ ಹಚ್ಯಾರ ಅಂತ ಕೇಳಿದ್ಲು. ಬಣ್ಣ ಮಾಸ್ತದ ಅನ್ನೂದು ನನಗ ಗೊತ್ತಿಲ್ಲೇನು? ಗೊತ್ತಿತ್ತು. ನೋಡಾಕ ಮನಸ್ಸಿರಲಿಲ್ಲ.”

ಆಚೆಯ ಹುಳಗಳು ಬೇರೆಯಾಗಿರಲಿಲ್ಲ, ಹಳೆಯವಾಗಿದ್ದವು ಅಷ್ಟೆ. ಹೊಳೆ ಮಾಡಿದೆ ಎಂದುಕೊಂಡಿದ್ದ ಕೆಲಸವನ್ನು ವರ್ಷಗಳು ಮಾಡಿದ್ದವು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಡಬ್ಬಿ ತಂದವರ ಮೇಲೆ, ಅಪ್ಪನ ಮೇಲೆ, ಆ ದೊಡ್ಡ ಸಾಹೇಬರ ಮೇಲೆ. “ಇರ್ಲಿ ಬಿಡ್ರಿ ಅಪ್ಪಾ” ಎಂದೆ. “ಹುಳ ಸಿಗಲಿಲ್ಲ ಅಂತ ಬರದು ಕಳಸ್ರಿ. ಹೊಳಿ ದಾಟಿ ಯಾರು ನೋಡಾಕ ಬರ್ತಾರ? ಅವ್ವನ ಹೆಸರರೆ ಉಳೀತದ.”

ಅಪ್ಪ ನನ್ನ ಕಡೆ ತಿರುಗಿದರು. “ಅಕಿ ಹೆಸರ ಹಚ್ಚಿ ಸುಳ್ಳ ಬರೀಲೇನವಾ?” ಎಂದು ಕೇಳಿದರು. ಸಿಟ್ಟಿನಿಂದಲ್ಲ, ಖರೇನೇ ನನ್ನ ಸಲಹೆ ಕೇಳುವವರಂತೆ.

ಅವರು ಎದ್ದು ಮ್ಯೂಜಿಯಮ್ಮಿನ ದೊಡ್ಡ ಪೆಟ್ಟಿಗೆ ತೆಗೆದರು. ಆಳಂದದ ಒಂದು ಬಿಳಿಚು ಹುಳವನ್ನೂ ಅಫಜಲಪುರದ ಒಂದನ್ನೂ ತುಸು ಸರಿಸಿ ನಡುವೆ ಜಾಗ ಮಾಡಿದರು. ಸಣ್ಣ ಪೆಟ್ಟಿಗೆಯಿಂದ ಕಾಲು ಮುರಿದ ಹುಳವನ್ನು ಎತ್ತಿ ಅಲ್ಲಿ ಚುಚ್ಚಿದರು. ಅಳತೆಗಳನ್ನೆಲ್ಲ ಮತ್ತೆ ನೋಡಿ, ಎರಡು ದಂಡೆಯವೂ ಒಂದೇ, ಹೊಸ ಹೆಸರಿನ ಅಗತ್ಯವಿಲ್ಲ ಎಂದು ಆ ವಾರವೇ ಮ್ಯೂಜಿಯಮ್ಮಿಗೆ ಬರೆದರು. ಸಾಹೇಬರು ಅದನ್ನೊಂದು ಸಣ್ಣ ಟಿಪ್ಪಣಿಯಾಗಿ ಅಚ್ಚು ಹಾಕಿಸಿದರು. ಯಾರು ಓದಿದರೋ ಗೊತ್ತಿಲ್ಲ.

ಅತ್ತಿಯ ಮಗ ಅಂದು ಊಟಕ್ಕೆ ನಿಂತರು. ನಾನು ರೊಟ್ಟಿ ಬಡಿಸಿದೆ. ಎಲ್ಲ ಹಾಳು ಮಾಡಿದವರಿಗೆ ಬೆಣ್ಣೆಯನ್ನು ಯಾಕೆ ಹಾಕಬೇಕೆಂದು ಕೈ ಹಿಂದೆ ಸರಿಯಿತು. ಅವರು ಅರಿವೆ ಸುತ್ತಿದ ಬೆರಳನ್ನು ಮಡಿಚಿಕೊಂಡು ಕಷ್ಟಪಟ್ಟು ತುತ್ತು ಮುರಿಯುವುದನ್ನು ನೋಡಿ ಹಾಕಿದೆ. ಹೊರಡುವಾಗ ಬಾಗಿಲಲ್ಲಿ, ನನ್ನ ಕಡೆ ನೋಡದೆ, “ಹುಳ ತರಬಾರದಿತ್ತೇನು?” ಎಂದರು. “ತರಬೇಕಿತ್ತು” ಎಂದೆ. ನಾವಿಬ್ಬರೂ ಆಡಿದ ಮೊದಲ ಮಾತು ಇಷ್ಟೇ.

ಅಪ್ಪನಿಗೆ ಇನ್ನು ಲಗ್ನ ಮುಂದೂಡಲು ನೆವವಿರಲಿಲ್ಲ. ಮಳೆಗಾಲ ಮುಗಿದದ್ದೇ ತಡ, ಲಗ್ನವಾಯಿತು. ನಾನು ಹೊಳೆ ದಾಟುವ ದಿನ ಅಪ್ಪ ದಂಡೆಯವರೆಗೆ ಬಂದರು. ಎಲ್ಲರೂ ಅತ್ತರು, ಅವರು ಮರಳಿನಲ್ಲಿ ಅತ್ತಿಂದಿತ್ತ ಅಡ್ಡಾಡಿದರು. ದೋಣಿ ನಡುನೀರಿಗೆ ಬಂದಾಗ ತಿರುಗಿ ನೋಡಿದೆ. ಅಷ್ಟು ಜನರ ನಡುವೆ ಅಪ್ಪ ಯಾರೆಂದು ಗುರುತಿಸುವುದು ಕಷ್ಟವಾಗಲಿಲ್ಲ.

ಆಳಂದದಲ್ಲಿ ಮೊದಮೊದಲು ನನಗೂ ಕೂಡಲಿಕ್ಕೆ ಬರಲಿಲ್ಲ. ಅತ್ತಿ, “ತಮ್ಮನ ಮಗಳು ಅನ್ನೂದಕ್ಕ ಬ್ಯಾರೆ ಸಾಕ್ಷಿ ಬ್ಯಾಡ” ಎನ್ನುತ್ತಿದ್ದಳು. ಮುಂದಿನ ಮಳೆಗಾಲಕ್ಕೆ ಅಪ್ಪನಿಗೆ ಹೊಸ ಪೆಟ್ಟಿಗೆಗಳು ಬಂದ ಸುದ್ದಿ ತಿಳಿದಾಗ, ಇವರೇ ನನ್ನನ್ನು ಜೇವರ್ಗಿಗೆ ಕರೆದೊಯ್ದು ಬಿಟ್ಟರು, “ಬರದು ಬಾ” ಎಂದು. ಆಮೇಲೆ ಪ್ರತಿ ವರ್ಷ ಅದೇ ಪದ್ಧತಿಯಾಯಿತು. ನಿಜಾಮರ ಆಳ್ವಿಕೆ ಹೋದ ಮೇಲೆ ಅಪ್ಪ ಹೆಚ್ಚು ದಿನ ಬದುಕಲಿಲ್ಲ. ಪೆಟ್ಟಿಗೆಗಳನ್ನು ನಾವಿಬ್ಬರೇ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೈದರಾಬಾದಿಗೆ ಮುಟ್ಟಿಸಿ ಬಂದೆವು. ಆಮೇಲೆ ನಾನು ಆ ಕಡೆ ಹೋಗಲಿಲ್ಲ. ಇವರು ಇರುವಾಗ ಹೋಗಬಹುದಿತ್ತು, ಮಕ್ಕಳು ಮರಿ ಎಂದು ಉಳಿಯಿತು.

ಇದನ್ನೆಲ್ಲ ಸೊಸೆಗೆ ಹೇಳಿದ್ದು ಇದೇ ಮೊದಲು. ಅವಳು ಸೀರೆ ಮಡಚುವುದು ಬಿಟ್ಟು ಕೇಳುತ್ತಿದ್ದಳು. “ಆ ಕಾಲ ಮುರದ ಹುಳ ಈಗೂ ಅಲ್ಲೇ ಅದ ಏನ್ರಿ?” ಎಂದಳು. ನನಗೆ ಗೊತ್ತಿರಲಿಲ್ಲ. ಅವ್ವನ ಕೈ ಮುಟ್ಟಿದ್ದು ಎಂಬಂಥ ವಸ್ತು ಈ ಲೋಕದಲ್ಲಿ ಅದೊಂದೇ ಉಳಿದಿರಬಹುದು ಎಂಬುದು ಇಷ್ಟು ವರ್ಷ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಮಗ ಕೆಲಸದಿಂದ ಬಂದ ಕೂಡಲೇ ಹೈದರಾಬಾದಿಗೆ ಹೋಗಬೇಕೆಂದೆ. “ಈ ವಯಸ್ಸಿನಾಗ ಅಲ್ಲೇನ್ ನೋಡ್ತಿ ಅವ್ವಾ?” ಎಂದ. ಹೇಳಿದೆ. ಅವನು ಚಪ್ಪಲಿ ಕಳಚುತ್ತಿದ್ದವನು ಹಾಗೇ ನಿಂತ. ಅಲ್ಲಿ ಒಳಗೆ ಬಿಡುತ್ತಾರೋ ಇಲ್ಲವೋ, ಹುಳ ಪುಡಿಯಾಗಿದೆಯೋ ಏನೋ ಎಂದೆಲ್ಲ ಅಂದು, ಕೊನೆಗೆ, “ಸೋಮವಾರ ಹೋಗೂಣು” ಎಂದ. ಸೊಸೆ ತಾನೂ ಬರುವವಳೇ ಎಂದು ಹಟ ಹಿಡಿದಿದ್ದಾಳೆ.